ತಾಲಿನ್ನಿನ ಹಾಡುಹಬ್ಬ

ಬಾಲ್ಟಿಕ್ ಸಮುದ್ರದ ಪೂರ್ವದ ದಂಡೆಯಲ್ಲಿ, ಫಿನ್‌ಲೆಂಡಿಗೆ ದಕ್ಷಿಣದಲ್ಲಿಯೂ ರಷ್ಯಕ್ಕೆ ಪಶ್ಚಿಮದಲ್ಲಿಯೂ, ಎಸ್ಟೋನಿಯಾ ಎಂಬ ಸಣ್ಣ ದೇಶವೊಂದಿದೆ. ಕಾಡು, ಜೌಗುನೆಲ, ಸರೋವರ, ನಡುಗಡ್ಡೆಗಳ ನಾಡು ಅದು. ವಿಸ್ತೀರ್ಣ ಸುಮಾರು 45,000 ಚದರ ಕಿಲೋಮೀಟರು. ಜನಸಂಖ್ಯೆ ಹದಿಮೂರೂವರೆ ಲಕ್ಷದ ಆಸುಪಾಸು. 2011ರ ಜನಗಣತಿಯ ಪ್ರಕಾರ ನಮ್ಮ ಕಾಸರಗೋಡು ಜಿಲ್ಲೆಯೊಂದರಲ್ಲಿಯೇ ಹದಿಮೂರು ಲಕ್ಷ ಜನರಿದ್ದರೆಂಬುದನ್ನು ನೆನೆದರೆ ಆ ದೇಶದ ಅಳತೆ ಓದುಗರಿಗೆ ತಿಳಿದೀತು. ಅವರ ನುಡಿ ಎಸ್ಟೋನಿಯನ್. ಶತಮಾನಗಳ ಕಾಲ ಅವರನ್ನಾಳಿದ ಜರ್ಮನರ ಮಾತಿಗಾಗಲಿ ರಷ್ಯನರ ಮಾತಿಗಾಗಲಿ ಅದಕ್ಕೆ ಕುಲಸಂಬಂಧವಿಲ್ಲ. ಕಡಲಾಚೆಯ ಫಿನ್ನಿಶ್ ಅದರ ಸೋದರಭಾಷೆ. ದೊಡ್ಡ ಭಾಷೆಗಳ ನಡುವೆ ಸಿಕ್ಕಿಕೊಂಡೂ ಅಳಿಯದೆ ಉಳಿದ ಈ ಕಿರುನುಡಿಯ ಜನ ತಮ್ಮ ಉಳಿವಿಗೆ ಕಾರಣವೇನೆಂದು ಕೇಳಿದರೆ ಮೊದಲು ಹೇಳುವ ಮಾತು ‘ಹಾಡು’ ಎಂದು.

ಬಂಧುಗಳೊಬ್ಬರು ಉದ್ಯೋಗನಿಮಿತ್ತ ರಾಜಧಾನಿ ತಾಲಿನ್ನಿನಲ್ಲಿ ನೆಲೆಸಿರುವುದರಿಂದ 2023ರ ಬೇಸಗೆಯಲ್ಲಿ ನಮಗೆ ಅಲ್ಲಿಗೆ ಹೋಗುವ ಅವಕಾಶ ಒದಗಿತು. ಜೂನ್ 30ರಿಂದ ಜುಲೈ 2ರವರೆಗೆ ಅಲ್ಲಿ ಹದಿಮೂರನೆಯ ಯುವಜನರ ಹಾಡು ಮತ್ತು ಕುಣಿತದ ಹಬ್ಬ. ‘ಪವಿತ್ರ ಈ ನೆಲ’ ಎಂಬರ್ಥದ ಹೆಸರನ್ನು ಆ ಸಲದ ಹಬ್ಬಕ್ಕೆ ಇಟ್ಟಿದ್ದರು.

ತಾಲಿನ್ನಿನ ಹಳೆಯ ಪೇಟೆ ಕೋಟೆಗೋಡೆ, ಕೆಂಪು ಹೆಂಚಿನ ಮಾಡು, ಚೂಪು ಗೋಪುರಗಳಿಂದ ಕೂಡಿದ ಮಧ್ಯಯುಗದ ಊರು. ಅದನ್ನು ನೋಡಲೆಂದೇ ಪ್ರವಾಸಿಗಳು ಹಡಗು ತುಂಬಿ ಬರುತ್ತಾರೆ. ನಾವು ನೋಡಹೋದದ್ದು ಅಲ್ಲಿಂದ ಪೂರ್ವಕ್ಕೆ, ಕಡಲ ಕರೆಯ ದಾರಿಯಲ್ಲಿರುವ ಹಾಡಿನ ಬಯಲನ್ನು. ನೆಲ ಅಲ್ಲಿ ಸ್ವಾಭಾವಿಕವಾಗಿಯೇ ಇಳಿಜಾರು. ಇಳಿಜಾರಿನ ಬುಡದಲ್ಲಿ, ಕಡಲಿಗೆ ಬೆನ್ನು ಮಾಡಿ, ಬೃಹತ್ತಾದ ಕಮಾನು ಮಂಟಪ ನಿಂತಿದೆ. ವಾಸ್ತುಶಿಲ್ಪಿ ಅಲಾರ್ ಕೋತ್ಲಿಯ ಈ ಕೃತಿ 1960ರಲ್ಲಿ ಪೂರ್ಣವಾಯಿತು. ಮೊರದಂತೆ ಮುಂದಕ್ಕೆ ಬಾಗಿದ ಅದರ ಮಾಡು ಹಾಡುವವರ ದನಿಯನ್ನು ಎತ್ತಿ ಎದುರಿನ ಗುಡ್ಡೆಗೆ ಬಿತ್ತರಿಸುತ್ತದೆ. ಅದರ ಕೆಳಗಿನ ಮೆಟ್ಟಿಲುಗಳ ಮೇಲೆ ಹದಿನೈದು ಸಾವಿರ ಮಂದಿ ಒಮ್ಮೆಗೇ ನಿಲ್ಲಬಹುದು. ನಮ್ಮಲ್ಲಿ ವೇದಿಕೆ ಚಿಕ್ಕದು, ಸಭೆ ದೊಡ್ಡದು. ಇಲ್ಲಿ ವೇದಿಕೆಯೇ ಒಂದು ಸಭೆ. ಪಕ್ಕದಲ್ಲಿ ಹಬ್ಬದ ಜ್ಯೋತಿ ಉರಿಯುವ ಗೋಪುರವಿದೆ. ಗುಡ್ಡೆಯ ಮೇಲೆ ಸಂಗೀತಗಾರ ಗುಸ್ತಾವ್ ಎರ್ನೆಸಾಕ್ಸ್ ಅವರ ಕಂಚಿನ ಪ್ರತಿಮೆ, ಹುಲ್ಲಿನ ಮೇಲೆ ಕುಳಿತು ಹಾಡು ಕೇಳುವ ಅಜ್ಜನಂತೆ, ಮಂಟಪದತ್ತ ಮುಖ ಮಾಡಿದೆ. ಮಕ್ಕಳು ಅದರ ತೊಡೆಯೇರಿ ಕೂರುವುದನ್ನು ಕಂಡೆವು, ಯಾರೂ ಗದರಿಸಲಿಲ್ಲ.

ಐದು ವರ್ಷಗಳಿಗೊಮ್ಮೆ ನಡೆಯುವ ದೊಡ್ಡ ಹಾಡುಹಬ್ಬದ ನಡುವೆ, ಶಾಲಾಮಕ್ಕಳಿಗೂ ತರುಣರಿಗೂ ಪ್ರತ್ಯೇಕವಾದ ಹಬ್ಬವಿರಬೇಕೆಂದು 1962ರಲ್ಲಿ ಮೊದಲ ಯುವಜನ ಹಾಡುಹಬ್ಬವನ್ನು ನಡೆಸಿದರು. ಅಂದಿನಿಂದ ಸುಮಾರು ಐದೈದು ವರ್ಷಗಳ ಅಂತರದಲ್ಲಿ ಅದು ನಡೆದುಬಂದಿದೆ. 2022ರಲ್ಲಿ ಆಗಬೇಕಾಗಿದ್ದುದು ಕೊರೋನಾ ವ್ಯಾಧಿಯ ದೆಸೆಯಿಂದ ಒಂದು ವರ್ಷ ಮುಂದಕ್ಕೆ ಹೋಯಿತು.

ಹಳ್ಳಿಗಳಿಂದ, ನಡುಗಡ್ಡೆಗಳಿಂದ ಬರುವ ಸಾವಿರಾರು ಮಕ್ಕಳು ತಂಗುವುದೆಲ್ಲಿ? ತಾಲಿನ್ನಿನ ಶಾಲೆಗಳಲ್ಲಿ. ತರಗತಿಯ ಮೇಜು ಬೆಂಚುಗಳನ್ನು ಬದಿಗೆ ಸರಿಸಿ ನೆಲದ ಮೇಲೆ ಹಾಸಿಗೆ ಹರಡಿ ಮಲಗುತ್ತಾರೆ. ಬಂಧುಗಳ ಮನೆಯ ಬಳಿಯ ಶಾಲೆಯೊಂದರ ಬಾಗಿಲಲ್ಲಿ ನಾವು ಇಣಿಕಿದಾಗ, ಬೆಳಗಿನ ಹೊತ್ತು ಸಾಲಾಗಿ ನಿಂತು ಹಲ್ಲುಜ್ಜುವ ಮಕ್ಕಳು, ಜಡೆ ಹೆಣೆಯುವ ಹುಡುಗಿಯರು, ಕಾಣೆಯಾದ ಕಾಲುಚೀಲ ಹುಡುಕುವ ಹುಡುಗ, ತಲೆ ಎಣಿಸುತ್ತ ಓಡಾಡುವ ಶಿಕ್ಷಕಿಯರು. ಶಾಲಾ ಕಲೋತ್ಸವಕ್ಕೆ ಮಕ್ಕಳನ್ನು ಕರೆದೊಯ್ದ ಯಾವ ಅಧ್ಯಾಪಕನಿಗೂ ಈ ನೋಟ ಹೊಸತಲ್ಲ. ಭಾಷೆ ತಿಳಿಯದಿದ್ದರೂ ಆ ಶಿಕ್ಷಕಿಯರ ಮುಖದ ಆತಂಕ ನಮಗೆ ಚೆನ್ನಾಗಿ ತಿಳಿಯಿತು.

ಕೊನೆಯ ದಿನ ಭಾನುವಾರ, ಮೆರವಣಿಗೆ. ನಗರದ ಸ್ವಾತಂತ್ರ್ಯ ಚೌಕದಿಂದ ಹಾಡಿನ ಬಯಲಿಗೆ ಸುಮಾರು ಐದು ಕಿಲೋಮೀಟರು ದಾರಿ. ಒಂದೊಂದು ಜಿಲ್ಲೆಯವರು ಒಂದೊಂದು ಗುಂಪಾಗಿ, ತಮ್ಮ ಶಾಲೆಯ ಹೆಸರಿನ ಫಲಕ ಹಿಡಿದು, ಹಾಡುತ್ತ ಕೂಗುತ್ತ ನಡೆಯುತ್ತಾರೆ. ಹೆಣ್ಣುಮಕ್ಕಳ ಪಟ್ಟೆಪಟ್ಟೆಯ ಉಣ್ಣೆಯ ಲಂಗ ಪ್ರತಿಯೊಂದು ಸೀಮೆಗೂ ಬೇರೆ ಬೇರೆ; ಪಟ್ಟೆಯ ಬಣ್ಣ ನೋಡಿಯೇ ಊರು ಹೇಳಬಲ್ಲವರು ಇದ್ದಾರೆ. ದಾರಿಯ ಎರಡೂ ಬದಿಗೆ ನಿಂತ ಜನ ಕೈಬೀಸುತ್ತಾರೆ. ತಮ್ಮೂರಿನ ಫಲಕ ಕಂಡೊಡನೆ ಓಡಿಹೋಗಿ ಹೂ ಕೊಡುತ್ತಾರೆ. ತಾಸುಗಟ್ಟಲೆ ಸಾಗಿದ ಆ ಹೊಳೆ ಕಡೆಗೆ ಕಡಲ ಕರೆಯನ್ನು ಸೇರಿತು. ಅಲ್ಲಿ ಹಾಡುಗಾರರೆಲ್ಲರಿಗೂ ಬಿಸಿಬಿಸಿ ಸೂಪು, ರೊಟ್ಟಿ. ನಮ್ಮ ಜಾತ್ರೆಯ ಅನ್ನಸಂತರ್ಪಣೆಯಲ್ಲಿ ಕಾಣುವ ಸಂಭ್ರಮವೇ ಆ ಸೂಪಿನ ಸಾಲಿನಲ್ಲಿಯೂ ಇತ್ತು.

ಈ ವೃಂದಗಾನದ ಕ್ರಮವನ್ನು ಒಂದಿಷ್ಟು ವಿವರಿಸಬೇಕು. ನಮ್ಮ ಭಜನಾಮಂದಿರಗಳಲ್ಲಿ ಎಲ್ಲರೂ ಒಂದೇ ಶ್ರುತಿಯಲ್ಲಿ, ಒಂದೇ ಸ್ವರವನ್ನು ಹಿಡಿದು ಹಾಡುತ್ತೇವೆ. ಅವರಲ್ಲಾದರೋ ಒಂದು ಪಂಗಡ ಮೇಲಿನ ಸ್ವರ ಹಿಡಿದರೆ ಇನ್ನೊಂದು ಪಂಗಡ ಅದೇ ಹೊತ್ತಿಗೆ ಕೆಳಗಿನ ಸ್ವರ ಹಿಡಿಯುತ್ತದೆ. ಮೂರು ನಾಲ್ಕು ದನಿಗಳು ಬೇರೆ ಬೇರೆ ದಾರಿಯಲ್ಲಿ ನಡೆದು ಒಂದಕ್ಕೊಂದು ಹೊಂದಿಕೊಳ್ಳಬೇಕು. ನಮ್ಮ ಇಗರ್ಜಿಗಳಲ್ಲಿ ಹಬ್ಬದ ದಿನದ ಗಾಯನ ಕೇಳಿದವರಿಗೆ ಇದರ ಪರಿಚಯವಿದ್ದೀತು. ಪಕ್ಕದವನ ದನಿಗೆ ಕಿವಿಗೊಡದೆ ತನ್ನ ಪಾಡಿಗೆ ತಾನು ಹಾಡಿದರೆ ಎಲ್ಲ ಕೆಟ್ಟಿತು. ಪಕ್ಕದವನ ದನಿಗೆ ಮರುಳಾಗಿ ತನ್ನ ಸ್ವರ ಬಿಟ್ಟರೂ ಕೆಟ್ಟಿತು.

ಮೊದಲು ಏಳರಿಂದ ಹತ್ತು ವರ್ಷದ ಎಳೆಯರು ಮೆಟ್ಟಿಲುಗಳನ್ನು ತುಂಬಿದರು. ಆಮೇಲೆ ದೊಡ್ಡ ಮಕ್ಕಳ ವೃಂದ, ಬಾಲಕರ ವೃಂದ, ಕನ್ಯೆಯರ ವೃಂದ, ತರುಣ ತರುಣಿಯರು ಕೂಡಿದ ಮಿಶ್ರವೃಂದ, ನಡುನಡುವೆ ಹಿತ್ತಾಳೆಯ ವಾದ್ಯದವರು. ಆ ಸಲ ಹಾಡುಗಾರರೇ ಇಪ್ಪತ್ತು ಸಾವಿರದಷ್ಟು ಇದ್ದರು. ಎತ್ತರದ ಅಟ್ಟದ ಮೇಲೆ ವೃಂದನಾಯಕ ಕೈಯೆತ್ತಿದಾಗ ಅಷ್ಟು ಮಕ್ಕಳೂ ಒಮ್ಮೆಗೇ ಉಸಿರೆಳೆದುಕೊಂಡರು. ಹಾಡಿಗಿಂತ ಮೊದಲಿನ ಆ ಮೌನ ನಮ್ಮ ಮೈ ನವಿರೇಳಿಸಿತು. ಎಳೆಯರ ದನಿ ಅಬ್ಬರಿಸಲಿಲ್ಲ. ಮೆತ್ತಗೆ ಗುಡ್ಡೆಯೇರಿ ಬಂತು. ಒಳ್ಳೆಯದಾಗಿ ಮೂಡಿದ ಹಾಡನ್ನು ಸಭೆ ಮತ್ತೆ ಹಾಡಿಸುತ್ತದೆ. ವೃಂದನಾಯಕರನ್ನು ಹಾಡುಗಾರರು ಎತ್ತಿ ಮೇಲಕ್ಕೆಸೆದು ಹಿಡಿದು ಸಂತೋಷಪಡುತ್ತಾರೆ. ಕೊನೆಗೆ ಹಿರಿಕಿರಿಯ ವೃಂದಗಳೆಲ್ಲ ಒಟ್ಟಾಗಿ ನಿಂತವು. ತಾಯ್ನಾಡಿನ ಗೀತೆ ಎದ್ದಾಗ ಹುಲ್ಲಿನ ಮೇಲಿದ್ದ ಸಭೆಯೂ ಎದ್ದು ನಿಂತು ದನಿಗೂಡಿಸಿತು. ರಾತ್ರಿ ಹತ್ತು ಹೊಡೆದರೂ ಸೂರ್ಯ ಮುಳುಗದಿರುವ ಕಾಲವಾದುದರಿಂದ ಮನೆಗೆ ಹೊರಡುವ ಅವಸರ ಯಾರಿಗೂ ಇದ್ದಂತಿರಲಿಲ್ಲ.

ಹುಲ್ಲಿನ ಮೇಲೆ ನಮ್ಮ ಪಕ್ಕದಲ್ಲಿ ಸಾರೆಮಾ ದ್ವೀಪದ ಶಿಕ್ಷಕಿಯೊಬ್ಬರು ಕುಳಿತಿದ್ದರು. ಅವರ ಶಾಲೆಯ ಮಕ್ಕಳು ಮಂಟಪದಲ್ಲಿದ್ದರು. ನಾವೂ ಹಳ್ಳಿಯ ಶಾಲೆಯವರೆಂದು ತಿಳಿದಾಗ ಅವರು ಮನಬಿಚ್ಚಿ ಮಾತಾಡಿದರು. ಹಬ್ಬದ ಹಾಡುಗಳ ಪುಸ್ತಕ ಬಹಳ ಮುಂಚೆಯೇ ಶಾಲೆಗಳಿಗೆ ಬರುತ್ತದೆ. ಅಧ್ಯಾಪಕರಿಗೆ ಅದನ್ನು ಕಲಿಸುವ ಶಿಬಿರಗಳಾಗುತ್ತವೆ. ಆಮೇಲೆ ವಾರವಾರವೂ ಪಾಠದ ಬಳಿಕ ಅಭ್ಯಾಸ. ಜಿಲ್ಲೆಯ ಮಟ್ಟದಲ್ಲಿ ಪರೀಕ್ಷಕರ ಮುಂದೆ ಹಾಡಿ ತೋರಿಸಬೇಕು. ತೇರ್ಗಡೆಯಾದವರಿಗಷ್ಟೇ ತಾಲಿನ್ನಿನ ದಾರಿ. ಸಂಗೀತ ಅಲ್ಲಿನ ಶಾಲೆಗಳಲ್ಲಿ ಎಲ್ಲ ಮಕ್ಕಳಿಗೂ ಕಡ್ಡಾಯದ ಪಾಠ. “ಜನ ನೋಡುವುದು ಈ ಒಂದು ದಿನವನ್ನು. ಚಳಿಗಾಲದ ಮಂಗಳವಾರಗಳನ್ನು ಯಾರೂ ನೋಡುವುದಿಲ್ಲ” ಎಂದು ಅವರು ನಕ್ಕರು. ಹಬ್ಬದ ಗುಟ್ಟೆಲ್ಲ ಆ ಮಂಗಳವಾರಗಳಲ್ಲಿಯೇ ಇದೆ ಎಂಬುದು ನಮ್ಮ ತಿಳಿವಳಿಕೆ.

ಹಬ್ಬದ ಮೂಲವೂ ಶಾಲೆಯ ಅಧ್ಯಾಪಕರಲ್ಲಿಯೇ ಇದೆ. ರಷ್ಯದ ಚಕ್ರವರ್ತಿಯ ಆಳ್ವಿಕೆ, ಜರ್ಮನ್ ಜಮೀನುದಾರರ ದರ್ಪ, ಇವುಗಳ ನಡುವೆ ಎಸ್ಟೋನಿಯನ್ ಎಂಬುದು ಬರಿಯ ರೈತರ ಮಾತೆನಿಸಿಕೊಂಡಿದ್ದ ಕಾಲದಲ್ಲಿ, 1869ರಲ್ಲಿ, ತಾರ್ತು ಪಟ್ಟಣದಲ್ಲಿ ಮೊದಲ ಹಾಡುಹಬ್ಬ ನಡೆಯಿತು. ಅದನ್ನು ಹೂಡಿದವರು ಹಿಂದೆ ಹಳ್ಳಿಯ ಮೇಷ್ಟರಾಗಿದ್ದು ಪತ್ರಿಕೆ ನಡೆಸುತ್ತಿದ್ದ ಯೋಹಾನ್ ವೋಲ್ದೆಮಾರ್ ಯಾನ್ಸೆನ್. ಎಂಟುನೂರಕ್ಕೂ ಮಿಕ್ಕಿ ಹಾಡುಗಾರರು ಮತ್ತು ವಾದ್ಯದವರು, ಎಲ್ಲರೂ ಗಂಡಸರೇ, ಅಂದು ನೆರೆದರು. ಯಾನ್ಸೆನ್ನರ ಮಗಳು, ಕವಯಿತ್ರಿ ಲೀದಿಯಾ ಕೊಯ್ದುಲಾ ಬರೆದ ಎರಡು ಗೀತೆಗಳಿಗೆ ಇಪ್ಪತ್ತಮೂರರ ಹರೆಯದ ಅಲೆಕ್ಸಾಂದರ್ ಕುನಿಲೈಡ್ ರಾಗ ಹಾಕಿದ್ದರು. ಉಳಿದ ಹಾಡುಗಳಲ್ಲಿ ಹೆಚ್ಚಿನವು ಪರರಿಂದ ಎರವಲು ತಂದ ರಾಗಗಳು. ಹಬ್ಬ ಮೊದಲಾದದ್ದು ಹೀಗೆ ಎರಡೇ ಎರಡು ಸ್ವಂತದ ಹಾಡುಗಳಿಂದ.

ಸೋವಿಯತ್ ಆಳ್ವಿಕೆ ಬಂದಮೇಲೆ ಹಬ್ಬ ನಿಲ್ಲಲಿಲ್ಲ. ಆದರೆ ಆಳುವವರನ್ನು ಹೊಗಳುವ ಹಾಡುಗಳು ತುಂಬಿಕೊಂಡವು. ಕೊಯ್ದುಲಾ ಅವರ ತಾಯ್ನಾಡಿನ ಗೀತೆಗೆ ಎರ್ನೆಸಾಕ್ಸ್ ಹಾಕಿದ ಹೊಸ ರಾಗವನ್ನು 1947ರಲ್ಲಿ ಹಾಡಿದ್ದರು. ಆಮೇಲೆ ಅದು ಕಾರ್ಯಕ್ರಮದಿಂದ ಬಿದ್ದುಹೋಯಿತು. 1960ರಲ್ಲಿ, ಪಟ್ಟಿಯಲ್ಲಿ ಇಲ್ಲದಿದ್ದರೂ, ಜನರೇ ಅದನ್ನು ಎತ್ತಿಕೊಂಡು ಹಾಡಿದರು. 1988ರ ಸೆಪ್ಟೆಂಬರಿನಲ್ಲಿ ಇದೇ ಬಯಲಿನಲ್ಲಿ ಮೂರು ಲಕ್ಷದಷ್ಟು ಜನ ಸೇರಿದರೆಂದು ಹೇಳುತ್ತಾರೆ. ‘ಹಾಡಿನ ಕ್ರಾಂತಿ’ ಎಂದು ಹೆಸರಾದ ಆ ಹೋರಾಟದ ಫಲವಾಗಿ 1991ರ ಆಗಸ್ಟ್ 20ರಂದು ದೇಶ ಮರಳಿ ಸ್ವತಂತ್ರವಾಯಿತು. ಬಾಲ್ಟಿಕ್ ನಾಡುಗಳ ಈ ಹಬ್ಬಗಳನ್ನು ಯುನೆಸ್ಕೋ ಸಂಸ್ಥೆ 2003ರಲ್ಲಿ ಮಾನವಕುಲದ ಪರಂಪರೆಯೆಂದು ಸಾರಿತು.

ಇಷ್ಟು ಹೇಳಿ ಮುಗಿಸಿದರೆ ಕಥೆ ಬಲು ಸೊಗಸು. ಆದರೆ ಭಾಷಾ ಅಲ್ಪಸಂಖ್ಯಾತರ ಶಾಲೆಯಲ್ಲಿ ಬಾಳು ಸವೆಸಿದ ನಾವು ಇನ್ನೊಂದು ಸಂಗತಿಯನ್ನು ಕಂಡೂ ಕಾಣದಂತೆ ದಾಟಿ ಬರಲಾರೆವು. ಆ ದೇಶದ ಜನರಲ್ಲಿ ಸರಿಸುಮಾರು ಕಾಲುಪಾಲು ರಷ್ಯನ್ ಮನೆಮಾತಿನವರು. ಅವರ ಮಕ್ಕಳಿಗೆ ಬಹುಕಾಲದಿಂದ ರಷ್ಯನ್ ಮಾಧ್ಯಮದ ಶಾಲೆಗಳಿದ್ದವು. 2022ರ ಡಿಸೆಂಬರಿನಲ್ಲಿ ಆದ ಕಾನೂನಿನಂತೆ 2024ರಿಂದ ಆ ಶಾಲೆಗಳು ಮೆಟ್ಟಿಲು ಮೆಟ್ಟಿಲಾಗಿ ಎಸ್ಟೋನಿಯನ್ ಮಾಧ್ಯಮಕ್ಕೆ ಹೊರಳತೊಡಗಿವೆ. ಆಳಿದವರ ಭಾಷೆಯ ಭಾರವನ್ನು ಅರ್ಧ ಶತಮಾನ ಹೊತ್ತ ಜನರ ಅಂಜಿಕೆ ನಮಗೆ ಅರ್ಥವಾಗುತ್ತದೆ. ದೇಶದ ಭಾಷೆ ಬಾರದೆ ಆ ಮಕ್ಕಳಿಗೆ ಮುಂದೆ ದಾರಿಯಿಲ್ಲವೆಂಬುದೂ ನಿಜ; ನಮ್ಮ ಮಕ್ಕಳೂ ಮಲಯಾಳ, ತಮಿಳು, ಮರಾಠಿ, ತೆಲುಗುಗಳನ್ನು ಕಲಿಯಲೇಬೇಕು, ಕಲಿಯುತ್ತಿದ್ದಾರೆ. ಆದರೂ ತಾಯಿಯ ಮಾತಿನಲ್ಲಿ ಪಾಠ ಕೇಳುತ್ತಿದ್ದ ಏಳು ವರ್ಷದ ಮಗು ತಾನಾಗಿ ಯಾರನ್ನೂ ಆಳಿದ್ದಲ್ಲ. ಹಾಡಿನಿಂದ ಬದುಕಿಕೊಂಡ ನಾಡು ಆ ಮಗುವಿನ ಹಾಡಿಗೂ ಒಂದು ಮೆಟ್ಟಿಲನ್ನು ಉಳಿಸಿಕೊಡಲಿ ಎಂಬುದು ನಮ್ಮ ಹಾರೈಕೆ.

ಹಬ್ಬ ಮುಗಿದ ಬಳಿಕ ನಾವು ರೈಲಿನಲ್ಲಿ ದಕ್ಷಿಣದ ತುದಿಯ ವಾಲ್ಗಾ ಪಟ್ಟಣಕ್ಕೆ ಹೋದೆವು. ಗಡಿನಾಡಿಗರು ನೋಡಲೇಬೇಕಾದ ಊರು ಅದು. ಮೊದಲು ಒಂದೇ ಪಟ್ಟಣವಾಗಿದ್ದ ಅದನ್ನು 1920ರಲ್ಲಿ ಬ್ರಿಟಿಷ್ ಅಧಿಕಾರಿಯೊಬ್ಬನ ಮಧ್ಯಸ್ಥಿಕೆಯಲ್ಲಿ ಎರಡಾಗಿ ಸೀಳಿದರು. ಬಡಗಣ ವಾಲ್ಗಾ ಎಸ್ಟೋನಿಯಕ್ಕೆ, ತೆಂಕಣ ವಾಲ್ಕಾ ಲಾಟ್ವಿಯಕ್ಕೆ. 2007ರ ಕೊನೆಗೆ ಗಡಿಯ ತಪಾಸಣೆ ಇಲ್ಲವಾಯಿತು. ಈಗ ಜನ ಒಂದು ದೇಶದಲ್ಲಿ ಮನೆ ಮಾಡಿ ಇನ್ನೊಂದು ದೇಶದ ಅಂಗಡಿಗೆ ನಡೆದು ಹೋಗುತ್ತಾರೆ. ಲಾಟ್ವಿಯದ ಬದಿಯಲ್ಲಿ ಒಂದು ಹಳೆಯ ಕಟ್ಟಡವಿದೆ. ಯಾನಿಸ್ ಸಿಮ್ಜೆ ಎಂಬ ಗುರು ನಡೆಸಿದ ಅಧ್ಯಾಪಕರ ತರಬೇತಿಶಾಲೆ ಅದು. ಈಗ ಅಲ್ಲಿ ಊರಿನ ವಸ್ತುಸಂಗ್ರಹಾಲಯವಿದೆ. ಎಸ್ಟೋನಿಯನ್ ಮತ್ತು ಲಾಟ್ವಿಯನ್ ಹುಡುಗರು ಅಲ್ಲಿ ಒಟ್ಟಿಗೆ ಕಲಿತರು. ಓದು ಬರಹ ಲೆಕ್ಕದೊಂದಿಗೆ ಸಂಗೀತವನ್ನೂ ನಾಲ್ಕು ದನಿಯ ಗಾಯನವನ್ನೂ ಅವರು ಕಲಿಯಬೇಕಾಗಿತ್ತು. ತರಬೇತಿ ಮುಗಿಸಿ ಹಳ್ಳಿಗೆ ಹೋದವರು ಹೋದಲ್ಲೆಲ್ಲ ಗಾಯನವೃಂದ ಕಟ್ಟಿದರು. ಕುನಿಲೈಡ್ ಅಲ್ಲಿಯೇ ಕಲಿತು ಅಲ್ಲಿಯೇ ಕಲಿಸಿದವರು. ಲಾಟ್ವಿಯನರ ಮೊದಲ ಹಾಡುಹಬ್ಬವೂ ನಾಲ್ಕು ವರ್ಷಗಳಲ್ಲಿ, 1873ರಲ್ಲಿ, ರೀಗಾ ನಗರದಲ್ಲಿ ನಡೆಯಿತು. ಎರಡು ಕಿರುನುಡಿಗಳ ಹಾಡಿಗೆ ಒಂದೇ ಮನೆ ತೊಟ್ಟಿಲಾಯಿತು. ಅಧ್ಯಾಪಕರ ತರಬೇತಿ ಪಡೆದು ಬಂದ ನಮಗೆ ತಾಲಿನ್ನಿನ ಕಮಾನಿಗಿಂತಲೂ ಈ ಮನೆಯ ಮುಂದೆ ಹೆಚ್ಚು ಹೊತ್ತು ನಿಲ್ಲಬೇಕೆನಿಸಿತು.

ಗಡಿಯಾಚೆಯ ನಮ್ಮ ಕನ್ನಡ ಶಾಲೆಗಳಲ್ಲಿ ತರಗತಿಗಳು ಬರಿದಾಗುತ್ತಿವೆ ಎಂಬ ಕೊರಗು ಈ ಮಾಸಿಕದ ಓದುಗರೆಲ್ಲರ ಮನೆಯಲ್ಲೂ ಇದೆ. ಹಾಡಿನಿಂದ ಅದೆಲ್ಲ ಸರಿಹೋದೀತೆಂದು ನಾವು ಹೇಳುವುದಿಲ್ಲ. ಅಧ್ಯಾಪಕರ ನೇಮಕ, ಪಠ್ಯಪುಸ್ತಕ, ಮುಂದಿನ ಉದ್ಯೋಗ, ಇವೆಲ್ಲ ಬೇರೆಯೇ ಹೋರಾಟಗಳು. ಆದರೆ ಇಪ್ಪತ್ತು ಮಕ್ಕಳಿರುವ ಶಾಲೆಯೂ ವಾರಕ್ಕೆ ಅರ್ಧ ಗಂಟೆ ಹಾಡಬಹುದು. ನೆರೆಯ ನಾಲ್ಕು ಶಾಲೆಗಳ ಅಧ್ಯಾಪಕರು ಕೂಡಿ, ಅದೇ ಐದು ಕನ್ನಡ ಹಾಡುಗಳನ್ನು ಅದೇ ಶ್ರುತಿಯಲ್ಲಿ ಕಲಿಸಿದರೆ, ವರ್ಷದ ಕೊನೆಗೆ ಯಾವುದಾದರೊಂದು ಶಾಲೆಯ ಅಂಗಳದಲ್ಲಿ ನೂರು ಮಕ್ಕಳು ಒಟ್ಟಿಗೆ ನಿಂತು ಹಾಡಬಹುದು. ತನ್ನ ತರಗತಿಯಲ್ಲಿ ಕನ್ನಡದವರು ನಾವು ಆರೇ ಮಂದಿ ಎಂದುಕೊಂಡಿದ್ದ ಮಗು ಆ ದಿನ ತನ್ನ ಸುತ್ತಲಿನ ನೂರು ದನಿಗಳನ್ನು ಕೇಳುತ್ತದೆ. ಅಲ್ಲಿಯ ಹಬ್ಬ ಮೊದಲಾದದ್ದು ಎರಡು ಸ್ವಂತದ ಹಾಡುಗಳಿಂದ. ನಮ್ಮಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚು ಇವೆ. ಮುಂದಿನ ಜೂನ್ ತಿಂಗಳಲ್ಲಿ ಶಾಲೆ ತೆರೆಯುವಾಗ ನಮ್ಮ ಆಸುಪಾಸಿನ ಸಹೋದ್ಯೋಗಿಗಳೊಡನೆ ಈ ಮಾತನ್ನೆತ್ತಬೇಕೆಂದಿದ್ದೇವೆ. ಬೇರೆ ಗಡಿಗಳ ಅಧ್ಯಾಪಕ ಬಂಧುಗಳೂ ತಮ್ಮ ಮಕ್ಕಳು ಹಾಡುವ ಹಾಡುಗಳ ಪಟ್ಟಿಯನ್ನು ಈ ಪತ್ರಿಕೆಗೆ ಬರೆದು ಕಳುಹಿಸಿದರೆ ಐದನ್ನು ಆರಿಸುವ ಕೆಲಸ ಸುಲಭವಾದೀತು.