ಬೆಳ್ವೊಲದ ದಾರಿ, ದಾರಿಯ ಊಟ

ಹುಬ್ಬಳ್ಳಿಯಿಂದ ನಸುಕಿನಲ್ಲಿ ಹೊರಟು ಅಣ್ಣಿಗೇರಿ, ಗದಗ, ಲಕ್ಕುಂಡಿಗಳನ್ನು ನೋಡಿಕೊಂಡು, ಅಬ್ಬಿಗೇರಿ, ನರೇಗಲ್ಲು, ಸೂಡಿಗಳ ಮೇಲೆ ಗಜೇಂದ್ರಗಡ ಮುಟ್ಟುವುದು ಶಾಸನಾಸಕ್ತರಿಗೆ ತುಂಬು ಒಂದು ದಿನದ ದಾರಿ. ಈ ದಾರಿಯ ಬಸದಿ, ಗುಡಿ, ವೀರಗಲ್ಲುಗಳನ್ನು ಕುರಿತು ಬರೆದವರು ಹಲವರು. ಮಧ್ಯಾಹ್ನ ಎಲ್ಲಿ ಉಂಡೆವು, ಬಡಿಸಿದವರು ಯಾರು ಎಂಬುದನ್ನು ಕ್ಷೇತ್ರಕಾರ್ಯದ ಟಿಪ್ಪಣಿಯಲ್ಲಿ ಬರೆದಿಟ್ಟವರು ವಿರಳ. ಶಿಲೆಯ ಅಳತೆ, ಲಿಪಿಯ ಕಾಲ, ದತ್ತಿಯ ವಿವರಗಳನ್ನು ಅಕ್ಕರೆಯಿಂದ ದಾಖಲಿಸುವ ಸಂಶೋಧಕನು ರೊಟ್ಟಿಯ ವಿಷಯಕ್ಕೆ ಬಂದಾಗ ಮೌನಿಯಾಗುತ್ತಾನೆ. ಆತ ಓದಲು ಹೋದ ಶಾಸನಗಳಾದರೋ ಊಟದ ವಿಷಯದಲ್ಲಿ ಮೌನವಾಗಿಲ್ಲ.

ಅಬ್ಬಿಗೇರಿಗೆ ಸಮೀಪದ ನರೇಗಲ್ಲಿನಲ್ಲಿ ಇಂದು ನಾರಾಯಣ ದೇವಾಲಯವೆಂದು ಕರೆಯಲಾಗುವ ವಿಶಾಲವಾದ ಕಟ್ಟಡವು ಮೂಲತಃ ಬಸದಿ. ಗಂಗರ ಇಮ್ಮಡಿ ಬೂತುಗನ ರಾಣಿ ಪದ್ಮಬ್ಬರಸಿ ಅದನ್ನು ಕಟ್ಟಿಸಿದಳೆಂದು ಕ್ರಿ.ಶ. 950ರ ಶಾಸನ ತಿಳಿಸುತ್ತದೆ. ತಕ್ಕೋಲದ ಕಾಳಗದ ನಂತರ ರಾಷ್ಟ್ರಕೂಟ ಮುಮ್ಮಡಿ ಕೃಷ್ಣನು ಬೂತುಗನಿಗೆ ಕೊಟ್ಟ ನಾಡುಗಳಲ್ಲಿ ಬೆಳ್ವೊಲವೂ ಒಂದೆಂಬುದು ಆತಕೂರು ಶಾಸನದಿಂದ ಗೊತ್ತಿರುವ ಸಂಗತಿ. ಆದರೆ ನರೇಗಲ್ಲಿನ ಶಾಸನದಲ್ಲಿ ರಾಣಿಯ ಹೆಸರಿನಷ್ಟೇ ಮುಖ್ಯವಾದ ಇನ್ನೊಂದು ಮಾತಿದೆ. ಆ ಬಸದಿಗೆ ಸೇರಿದಂತೆ ಒಂದು ದಾನಶಾಲೆಯಿತ್ತು. ಮಾರಸಿಂಘಯ್ಯನೆಂಬಾತ ಆ ದಾನಶಾಲೆಗೆ ಕೆರೆಯೊಂದನ್ನು ದತ್ತಿಯಾಗಿ ಬಿಟ್ಟನು. ಮಳೆಯನ್ನೇ ನಂಬಿದ ಈ ಎರೆನೆಲದಲ್ಲಿ ಕೆರೆಯನ್ನು ಕೊಡುವುದೆಂದರೆ ಅದರ ನೀರಿನ ಹುಟ್ಟುವಳಿಯನ್ನೇ ಕೊಟ್ಟಂತೆ. ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂಬ ನಾಲ್ಕು ದಾನಗಳಲ್ಲಿ ಆಹಾರವು ಮೊದಲು ಬರುವುದಕ್ಕೆ ಇಲ್ಲಿ ಕಲ್ಲಿನ ಸಾಕ್ಷಿಯಿದೆ. ಅನ್ನಕ್ಕೆ ಮೂಲ ಯಾವುದು, ಅದನ್ನು ಕೊಟ್ಟವರು ಯಾರು ಎಂಬುದನ್ನು ಶಾಸನ ಹೇಳಿತು; ಎಲೆಯ ಮೇಲೆ ಏನು ಬಿತ್ತು ಎಂಬುದನ್ನು ಹೇಳಲಿಲ್ಲ.

ಇಂದಿನ ಖಾನಾವಳಿಯ ರೀತಿ ಇದಕ್ಕೆ ತಿರುಗುಮುರುಗು. ಗೋಡೆಯ ಹಲಗೆಯ ಮೇಲೆ ರೊಟ್ಟಿ, ಚಪಾತಿ, ಪಲ್ಯಗಳ ಹೆಸರು, ದರ ಎಲ್ಲವೂ ಇರುತ್ತವೆ. ಜೋಳ ಯಾವ ಹೊಲದ್ದು, ರೊಟ್ಟಿ ಬಡಿಯುವ ಕೈ ಯಾರದು ಎಂಬುದು ಇರುವುದಿಲ್ಲ. ಗದಗ ಸೀಮೆಯ ಒಳ್ಳೆಯ ಖಾನಾವಳಿಯನ್ನು ಗುರುತಿಸಲು ಹಲಗೆಯನ್ನು ಓದಬೇಕಾಗಿಲ್ಲ, ಒಳಗಿನ ಸದ್ದನ್ನು ಕೇಳಬೇಕು. ರೊಟ್ಟಿ ಬಡಿಯುವ ಸದ್ದು ಅಡಿಗೆಮನೆಯಿಂದ ಬರುತ್ತಿದ್ದರೆ ಬಿಸಿರೊಟ್ಟಿ ಖಚಿತ; ಇಲ್ಲವಾದರೆ ಬುಟ್ಟಿಯಲ್ಲಿ ಪೇರಿಸಿಟ್ಟ ಖಡಕ್ ರೊಟ್ಟಿ. ಎರಡಕ್ಕೂ ಅವುಗಳದೇ ರುಚಿಯುಂಟು. ಖಡಕ್ ರೊಟ್ಟಿ ಬುತ್ತಿಯ ಸಂಗಾತಿ, ಬಿಸಿರೊಟ್ಟಿ ಕುಳಿತು ಉಣ್ಣುವವನದು. ಜೊತೆಗೆ ಹೆಸರು ಅಥವಾ ಮಡಕಿಕಾಳಿನ ಪಲ್ಯ, ಪುಂಡಿ ಪಲ್ಯ, ಶೇಂಗಾ, ಗುರೆಳ್ಳು, ಅಗಸಿ ಚಟ್ನಿಗಳು, ಹಸಿಯಾಗಿಯೇ ತಿನ್ನುವ ಮೆಂತ್ಯೆ ಮತ್ತು ಹಕ್ಕರಕಿ ಸೊಪ್ಪು, ಗಟ್ಟಿ ಮೊಸರು. ಉಳ್ಳಾಗಡ್ಡಿ ಕೇಳದೆಯೇ ಬರುತ್ತದೆ. ವ್ರತವುಳ್ಳವರು ಬೇಡವೆಂದರೆ ಬಡಿಸುವವರು ಕಾರಣ ಕೇಳುವುದಿಲ್ಲ, ಅದರ ಜಾಗದಲ್ಲಿ ಸೌತೆಕಾಯಿ ಇಡುತ್ತಾರೆ. ರಾತ್ರಿ ಉಣ್ಣದವರು ಮಾತ್ರ ಹೊತ್ತು ಮುಳುಗುವುದರೊಳಗೆ ಊರು ಸೇರುವ ಲೆಕ್ಕವನ್ನು ತಾವೇ ಹಾಕಿಕೊಳ್ಳಬೇಕು.

ಗದಗಿನ ಬದನೆಕಾಯಿ ಬಜಿಯ ಖ್ಯಾತಿ ಬೇರೆಯೇ. ಕಾಯಿಯ ಬಿಲ್ಲೆಯನ್ನು ಕಡಲೆಹಿಟ್ಟಿನಲ್ಲಿ ಅದ್ದಿ ಕರಿಯುವ ಈ ತಿಂಡಿಯ ಮುಂದೆ ನಿಂತಾಗ ಸಾಹಿತ್ಯದ ವಿದ್ಯಾರ್ಥಿಗೆ ಮಂಗರಸನು ನೆನಪಾಗಬೇಕು. ಹದಿನಾರನೆಯ ಶತಮಾನದ ಆರಂಭದ ಈ ಜೈನಕವಿ ತನ್ನ ‘ಸೂಪಶಾಸ್ತ್ರ’ದಲ್ಲಿ ಬದನೆಕಾಯಿಯ ಪಾಕಗಳಿಗೆ ಕೊಟ್ಟ ಸ್ಥಳ ದೊಡ್ಡದು. ಅವನಿಗಿಂತ ಸುಮಾರು ಐದು ಶತಮಾನ ಮೊದಲೇ, 1025ರ ಹೊತ್ತಿಗೆ, ಇಮ್ಮಡಿ ಚಾವುಂಡರಾಯನ ‘ಲೋಕೋಪಕಾರ’ದಲ್ಲಿ ಅಡಿಗೆಯ ಪ್ರಕರಣ ಸೇರಿತ್ತು. ಅಡಿಗೆಯನ್ನು ಶಾಸ್ತ್ರವೆಂದು ಪರಿಗಣಿಸಿ ಬರೆದ ಭಾಷೆಯಲ್ಲಿ, ಅದೇ ಭಾಷೆಯ ಸಂಶೋಧಕರು ಅಡಿಗೆಯನ್ನು ಟಿಪ್ಪಣಿಗೂ ತಕ್ಕುದಲ್ಲವೆಂದು ಬಿಟ್ಟಿರುವುದು ವಿಚಿತ್ರವಾಗಿ ತೋರುತ್ತದೆ.

ಅಬ್ಬಿಗೇರಿಯ ಆಸುಪಾಸಿನಲ್ಲಿ ಊಟದ ಅತ್ಯುತ್ತಮ ನಿಲುಗಡೆಗೆ ಹಲಗೆಯೂ ಇಲ್ಲ, ಗೋಡೆಯೂ ಇಲ್ಲ. ಹಿಂಗಾರಿ ಜೋಳದ ತೆನೆಯಲ್ಲಿ ಹಾಲುಗಾಳು ಗಟ್ಟಿಯಾಗತೊಡಗಿದ ಚಳಿಯ ದಿನಗಳಲ್ಲಿ ಹೊಲದ ಬದುವಿನ ಮೇಲೆ ಕೆಂಡ ಮಾಡಿ ತೆನೆ ಸುಡುತ್ತಾರೆ. ಬಿಸಿಯಾರುವ ಮೊದಲೇ ಉಜ್ಜಿ ಉದುರಿಸಿದ ಹಸಿರುಕಾಳೇ ಸೀತನಿ. ಅದಕ್ಕೆ ಬೆಲ್ಲ, ಚಟ್ನಿಪುಡಿ. ಪಕ್ಕದಲ್ಲಿ ಆಗಲೇ ಕಿತ್ತ ಕಡಲೆಯ ಸುಲಗಾಯಿ. ಎಳ್ಳಮಾವಾಸ್ಯೆಯ ಚರಗದ ದಿನವಾದರೆ ಸಜ್ಜಿರೊಟ್ಟಿ, ಕಡಬುಗಳ ಬುತ್ತಿಯೇ ಹೊಲಕ್ಕೆ ಬಂದಿರುತ್ತದೆ. ಭೂಮಿತಾಯಿಗೆ ಎಡೆ ಮಾಡಿ, ನಾಲ್ಕೂ ದಿಕ್ಕಿಗೆ ಚರಗ ಚೆಲ್ಲಿದ ಮೇಲೆ ದಾರಿಹೋಕನನ್ನು ‘ಬರ್ರಿ, ಉಣ್ಣಾಕ ಬರ್ರಿ’ ಎಂದು ಕರೆಯುವುದುಂಟು. ಕರೆದವನು ಹೆಸರು ಕೇಳುವುದಿಲ್ಲ. ದಾನಶಾಲೆ ಎಂಬ ಪದಕ್ಕೆ ಅರ್ಥಕೋಶ ಬೇಕೆನ್ನುವವರು ಒಮ್ಮೆ ಈ ಬದುವಿನ ಮೇಲೆ ಕುಳಿತುಕೊಳ್ಳಬಹುದು.

ಈ ಸೀತನಿಗೆ ಬೇಕಾದ ಜೋಳ ಮಾತ್ರ ಹಿಂದಿನಷ್ಟು ಕಾಣುತ್ತಿಲ್ಲ. ಜೋಳದ ಸುಗ್ಗಿಗೆ ಕೈಗಳು ಬೇಕು, ಆಳು ಸಿಗುವುದು ಕಷ್ಟ. ಗೋವಿನಜೋಳ, ಕಡಲೆಗಳಿಗೆ ಪೇಟೆ ಸುಲಭ. ರೈತನ ಈ ಲೆಕ್ಕವನ್ನು ಹಳಿಯುವ ಅಧಿಕಾರ ದಾರಿಯಲ್ಲಿ ಉಂಡು ಹೋಗುವವರಿಗಿಲ್ಲ. ಇತ್ತ ಹೆದ್ದಾರಿ ಊರ ಹೊರಗಿನಿಂದ ಹಾಯ್ದಲ್ಲಿ ವಾಹನಗಳು ಖಾನಾವಳಿಯ ಓಣಿಗೆ ಇಳಿಯುವುದಿಲ್ಲ. ಎಲ್ಲ ಊರಿನಲ್ಲೂ ಒಂದೇ ರುಚಿಯ ಧಾಬಾಗಳ ಮುಂದೆ ನಿಲ್ಲುತ್ತವೆ. ಓಣಿಯ ಖಾನಾವಳಿಯೊಂದು ಬಾಗಿಲು ಹಾಕಿದರೆ ಅದರ ಜೊತೆ ಹೋಗುವುದು ಒಂದು ಕೈಯ ಹದ, ಒಂದು ಮನೆಯ ಚಟ್ನಿಯ ಅಳತೆ. ಒಂಬೈನೂರೈವತ್ತರ ಮಾರಸಿಂಘಯ್ಯನ ಹೆಸರು ಉಳಿದಿದೆ, ಆ ದಾನಶಾಲೆಯಲ್ಲಿ ಅಡಿಗೆ ಮಾಡಿದವಳ ಹೆಸರು ಉಳಿದಿಲ್ಲ. ಮುಂದಿನ ಪ್ರವಾಸದ ಟಿಪ್ಪಣಿಪುಸ್ತಕದಲ್ಲಿ ಶಾಸನದ ಪಾಠದ ಕೆಳಗೆ ಎರಡು ಸಾಲಿಗೆ ಜಾಗ ಬಿಡುವುದು ಕಷ್ಟವಲ್ಲ: ರೊಟ್ಟಿ ಬಡಿದವರ ಹೆಸರು, ಅವರ ಊರು.