ಕೂಸಿನೊಡನೆ ಗುಂಡ್ಲುಪೇಟೆಗೆ

ಮೈಸೂರಿನಿಂದ ಗುಂಡ್ಲುಪೇಟೆಗೆ ಸುಮಾರು 60 ಕಿಲೋಮೀಟರು. ಒಬ್ಬಂಟಿಗನು ಬಸ್ಸು ಹತ್ತಿ ಕುಳಿತರೆ ಒಂದೂವರೆ ಗಂಟೆಯ ಪ್ರಯಾಣ. ನಡುವೆ ಒಂದು ಸಣ್ಣ ನಿದ್ರೆಯನ್ನೂ ತೆಗೆಯಬಹುದು. ಆದರೆ ಕಳೆದ ಶ್ರಾವಣಮಾಸದಲ್ಲಿ ಅಷ್ಟೇ ದಾರಿಯನ್ನು ಕ್ರಮಿಸುವುದಕ್ಕೆ ನಮಗೆ ನಾಲ್ಕು ಗಂಟೆಗಳು ಹಿಡಿದುವು. ಜೊತೆಯಲ್ಲಿದ್ದವರು ನನ್ನ ಮನೆಯಾಕೆ, ಮಗಳು, ಮತ್ತು ಮೂರು ತಿಂಗಳು ತುಂಬಿ ನಾಲ್ಕನೆಯದಕ್ಕೆ ಕಾಲಿಟ್ಟಿದ್ದ ಮೊಮ್ಮಗಳು. ಬಾಣಂತನ ಮುಗಿದಿತ್ತು. ಆಷಾಢ ಕಳೆಯಲೆಂದು ಕಾದಿದ್ದು, ತಾಯಿ ಮಗುವನ್ನು ಗಂಡನ ಮನೆಗೆ ಸೇರಿಸಿ ಬರುವುದಕ್ಕಾಗಿ ನಾವು ಹೊರಟಿದ್ದೆವು. ಬೀಗರ ಮನೆ ಗುಂಡ್ಲುಪೇಟೆಯಿಂದ ಐದಾರು ಕಿಲೋಮೀಟರು ಆಚೆ, ಗೋಪಾಲಸ್ವಾಮಿ ಬೆಟ್ಟದ ದಿಕ್ಕಿನಲ್ಲಿರುವ ಒಂದು ಹಳ್ಳಿಯಲ್ಲಿದೆ.

ನಾಲ್ಕು ಗಂಟೆ ಏಕೆ ಹಿಡಿಯಿತೆಂದು ಕೇಳುವಿರಾದರೆ, ನಮ್ಮ ಕೂಸಿನ ಒಂದು ಅಭ್ಯಾಸವನ್ನು ಮೊದಲು ಹೇಳಬೇಕು. ಅದು ಕುಡಿದ ಹಾಲನ್ನು ಕಕ್ಕುತ್ತಿತ್ತು. ಹುಟ್ಟಿದ ಎರಡನೆಯ ವಾರದಿಂದಲೇ ಆರಂಭ. ಒಮ್ಮೆ ತುಟಿಯ ಅಂಚಿನಿಂದ ಹನಿಯಾಗಿ, ಒಮ್ಮೆ ಮೊಸರಿನ ಗಡ್ಡೆಯಂತೆ, ಮತ್ತೊಮ್ಮೆ ಕುಡಿದುದೆಲ್ಲವೂ ಮರಳಿ ಬಂದಿತೋ ಎಂಬಂತೆ ಒಂದೇ ಸಲಕ್ಕೆ. ನಮ್ಮ ಮನೆಯಲ್ಲಿ ಹುಳಿಯಾದ ಹಾಲಿನ ವಾಸನೆ ಬಾರದ ವಸ್ತ್ರವೇ ಇರಲಿಲ್ಲ. ಕಕ್ಕಿದ ಮರುಕ್ಷಣವೇ ಅದು ನಗುತ್ತಿದ್ದುದರಿಂದ ನನಗೆ ವಿನೋದವಾಗಿದ್ದಿತು. ನನ್ನ ಮಗಳಿಗೆ ಮಾತ್ರ ರಾತ್ರಿಯ ನಿದ್ರೆಯಿರಲಿಲ್ಲ. ಗಂಡಸರ ಸಮಾಧಾನವು ಬಹುಮಟ್ಟಿಗೆ ಬಟ್ಟೆ ಒಗೆಯುವವರು ತಾವಲ್ಲವೆಂಬುದರಿಂದ ಬಂದುದೆಂದು ನನ್ನಾಕೆ ಹೇಳುತ್ತಾಳೆ. ಇರಬಹುದು.

ಮೈಸೂರಿನಲ್ಲಿ ನಾವು ತೋರಿಸಿದ ಮಕ್ಕಳ ವೈದ್ಯರು ಇದರ ಕಾರಣವನ್ನು ತಿಳಿಯಾಗಿ ವಿವರಿಸಿದ್ದರು. ಅನ್ನನಾಳವು ಹೊಟ್ಟೆಯನ್ನು ಸೇರುವೆಡೆಯಲ್ಲಿ ಸ್ನಾಯುವಿನ ಒಂದು ಉಂಗುರವಿದೆ. ಒಳಗೆ ಹೋದುದು ಹಿಂದಕ್ಕೆ ಬಾರದಂತೆ ತಡೆಯುವ ಬಾಗಿಲು ಅದು. ಎಳೆಯ ಶಿಶುವಿನಲ್ಲಿ ಈ ಬಾಗಿಲು ಆಗಾಗ ಕಾರಣವಿಲ್ಲದೆಯೇ ಸಡಿಲುತ್ತದೆ. ಶಿಶುವಿನ ಆಹಾರವೆಲ್ಲವೂ ದ್ರವ, ಹೊಟ್ಟೆ ಚಿಕ್ಕದು, ದಿನದ ಬಹುಭಾಗ ಮಲಗಿಯೇ ಇರುವುದು. ಹೀಗಿರುವಾಗ ಹಾಲು ಮೇಲಕ್ಕೆ ಬರುವುದು ಆಶ್ಚರ್ಯವಲ್ಲ. ಮೊದಲ ಮೂರು ನಾಲ್ಕು ತಿಂಗಳ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ದಿನಕ್ಕೊಮ್ಮೆಯಾದರೂ ಕಕ್ಕುತ್ತವೆ. ನಾಲ್ಕನೆಯ ತಿಂಗಳಲ್ಲಿ ಇದು ಹೆಚ್ಚಿ, ಮಗು ಕೂರುವುದನ್ನು ಕಲಿತು ಗಟ್ಟಿ ಆಹಾರ ತಿನ್ನತೊಡಗಿದ ಮೇಲೆ ಇಳಿಮುಖವಾಗಿ, ವರ್ಷ ಒಂದೂವರೆ ವರ್ಷದೊಳಗೆ ಬಹುತೇಕ ತಾನಾಗಿಯೇ ನಿಲ್ಲುತ್ತದೆ. ತೂಕ ಏರುತ್ತಿದ್ದು ಮಗು ಗೆಲುವಾಗಿದ್ದರೆ ಔಷಧ ಬೇಡ. ಕುಡಿಸಿದ ಮೇಲೆ ತೇಗಿಸಿ, ಇಪ್ಪತ್ತು ಮೂವತ್ತು ನಿಮಿಷ ಹೆಗಲಿಗೆ ನೆಟ್ಟಗೆ ಆನಿಸಿಕೊಂಡಿರಿ, ಎಂದಷ್ಟೇ ಅವರು ಹೇಳಿ ಕಳುಹಿಸಿದರು. ಚೀಟಿ ಬರೆಯದ ವೈದ್ಯರನ್ನು ಕಂಡರೆ ನಮ್ಮವರಿಗೆ ನಂಬಿಕೆ ಸಾಲದು, ಮಗಳಿಗೂ ಸಾಲಲಿಲ್ಲ.

ಪ್ರಯಾಣದಲ್ಲಿ ಈ ಅರ್ಧಗಂಟೆಯೇ ನಮ್ಮ ಹೊತ್ತನ್ನು ನುಂಗಿದುದು. ಹಾಲು ಕುಡಿಸಿದೊಡನೆ ಮೋಟಾರಿನ ಮಕ್ಕಳ ಕುರ್ಚಿಯಲ್ಲಿ ಕೂರಿಸಿದರೆ, ಕೂಸು ಮುದುರಿ ಕುಳಿತು ಹೊಟ್ಟೆ ಒತ್ತಲ್ಪಟ್ಟು ಹಾಲೆಲ್ಲ ಹೊರಕ್ಕೆ ಬರುವುದು. ಕುರ್ಚಿಯಿಲ್ಲದೆ ಮಡಿಲಿನಲ್ಲಿಟ್ಟುಕೊಂಡು ಹೋಗೋಣವೆಂದರೆ ಅಳಿಯಂದಿರ ಕಟ್ಟಪ್ಪಣೆ ಅದಕ್ಕೆ ವಿರುದ್ಧ. ಅದು ಸರಿಯಾದ ಅಪ್ಪಣೆಯೇ. ಆದುದರಿಂದ ನಿಲ್ಲಿಸಿ ಕುಡಿಸುವುದು, ಕೆಳಗಿಳಿದು ಹೆಗಲ ಮೇಲೆ ಹಾಕಿಕೊಂಡು ಅಡ್ಡಾಡುವುದು, ಅನಂತರ ಹೊರಡುವುದು.

ಮೊದಲ ನಿಲುಗಡೆ ನಂಜನಗೂಡಿನಲ್ಲಿ. ಕಪಿಲೆ ತುಂಬಿ ಕೆಮ್ಮಣ್ಣಿನ ಬಣ್ಣಕ್ಕೆ ತಿರುಗಿದ್ದಳು. 1735ರಲ್ಲಿ ದಳವಾಯಿ ದೇವರಾಜಯ್ಯನವರ ಕಾಲದಲ್ಲಿ ಕಟ್ಟಿದ ಹಳೆಯ ಸೇತುವೆ, ಮುಂದೆ ರೈಲನ್ನೂ ಗಾಡಿಗಳನ್ನೂ ಒಟ್ಟಿಗೆ ಹೊತ್ತುದು, ಈಗ ವಿಶ್ರಾಂತಿಯಲ್ಲಿದೆ. ದೂರದಿಂದಲೇ ಗೋಪುರಕ್ಕೆ ಕೈಮುಗಿದೆವು. ನಂಜನ್ನು ಉಂಡು ಕಂಠದಲ್ಲಿಯೇ ತಡೆದಿಟ್ಟುಕೊಂಡ ಸ್ವಾಮಿ ಅವನು. ನಮ್ಮ ಕೂಸಿಗೆ ಹಾಲನ್ನು ತಡೆದಿಟ್ಟುಕೊಳ್ಳುವಷ್ಟಾದರೂ ಶಕ್ತಿ ಕೊಡಲೆಂದು ನನ್ನಾಕೆ ಬೇಡಿಕೊಂಡಳು. ಟೀಪೂಸುಲ್ತಾನನ ಆನೆಯ ಕಣ್ಣು ವಾಸಿಯಾಗಿ, ಆತನು ಈ ದೇವರನ್ನು ಹಕೀಮ ನಂಜುಂಡನೆಂದು ಕರೆದನೆಂಬ ಪ್ರತೀತಿಯನ್ನು ವಾಚಕರು ಕೇಳಿಯೇ ಇರುವರು. ಬೇಡಿಕೆ ಮುಗಿಯುವಷ್ಟರಲ್ಲಿ ಕೂಸು ನನ್ನ ಹೊಸ ಅಂಗವಸ್ತ್ರದ ಮೇಲೆ ಕಕ್ಕಿತು.

ಬೇಗೂರನ್ನು ದಾಟಿದ ಮೇಲೆ ದೇಶವು ಬೇರೆಯಾಗುತ್ತದೆ. ಪಶ್ಚಿಮದ ಮಳೆಯನ್ನು ಬೆಟ್ಟಗಳು ತಡೆದುಬಿಡುವ ನೆಲವಿದು. ಮೋಡಗಳು ತಲೆಯ ಮೇಲೆಯೇ ಹಾದುಹೋದರೂ ಹೊಲಕ್ಕೆ ಬೀಳುವುದು ಅಲ್ಪ. ಆದರೂ ಶ್ರಾವಣದಲ್ಲಿ ಇದರ ಸೊಬಗೇ ಸೊಬಗು. ರಸ್ತೆಯ ಎರಡು ಕಡೆಗಳಲ್ಲಿಯೂ ಸೂರ್ಯಕಾಂತಿ, ಅದರ ಪಕ್ಕದಲ್ಲಿ ಕಿತ್ತಳೆ ಬಣ್ಣದ ಚೆಂಡುಹೂವು, ನಡುನಡುವೆ ಅರಿಸಿನದ ಹಸುರು, ಸಣ್ಣ ಈರುಳ್ಳಿಯ ಪಾತಿಗಳು. ಹೂವಿನ ಒಂದು ಪಾಲು ಓಣಂ ಹಬ್ಬಕ್ಕೆಂದು ಕೇರಳಕ್ಕೆ ಹೋಗುತ್ತದೆ. ಮತ್ತೊಂದು ಪಾಲು ಬಣ್ಣ ತೆಗೆಯುವ ಕಾರ್ಖಾನೆಗಳಿಗೆ. ವಯನಾಡಿನ ಕಡೆಯಿಂದ ಬಂದ ಸಂಸಾರಗಳು ಹೂವಿನ ನಡುವೆ ನಿಂತು ಚಿತ್ರ ತೆಗೆಸಿಕೊಳ್ಳುತ್ತಿದ್ದುವು. ನನ್ನ ಮಗಳು ಒಂದು ಹೊಲದ ಬದುವಿನಲ್ಲಿ ಕುಳಿತು ಕೂಸಿಗೆ ಕುಡಿಸಿದಳು. ಹೊಲದವಳು ತಾನಾಗಿಯೇ ಬಂದು ತನ್ನ ಸೀರೆಯ ಸೆರಗನ್ನು ಮರೆ ಹಿಡಿದು ನಿಂತಳು.

ಗುಂಡ್ಲುಪೇಟೆ ಕವಲುದಾರಿಯ ಊರು. ಒಂದು ದಾರಿ ಬಂಡೀಪುರದ ಮೂಲಕ ಗೂಡಲೂರಿಗೂ ಉದಕಮಂಡಲಕ್ಕೂ, ಇನ್ನೊಂದು ಸುಲ್ತಾನ್ ಬತ್ತೇರಿಗೂ ಹೋಗುವುದು. 2009ರಿಂದ ಈ ಕಾಡುದಾರಿಗಳು ಮೃಗಗಳ ಹಿತಕ್ಕಾಗಿ ರಾತ್ರಿ 9ರಿಂದ ಬೆಳಗಿನ 6ರವರೆಗೆ ಸಾಮಾನ್ಯ ವಾಹನಗಳಿಗೆ ಮುಚ್ಚಿರುತ್ತವೆ. ಊರಿನ ಹಳೆಯ ಹೆಸರು ವಿಜಯಪುರ. ಚಿಕ್ಕದೇವರಾಜ ಒಡೆಯರು ತಮ್ಮ ತಂದೆಯವರ ನೆನಪಿಗಾಗಿ ಇಲ್ಲಿ ಪರವಾಸುದೇವ ದೇವಾಲಯವನ್ನು ಕಟ್ಟಿಸಿದರು. ಅದನ್ನು ನೋಡಬೇಕೆಂಬುದು ನನ್ನ ಬಹುದಿನದ ಆಸೆಯಾಗಿದ್ದಿತು. ಅಂದು ನೋಡಲಾಗಲಿಲ್ಲ.

ಬಸ್ಸು ನಿಲ್ದಾಣದ ಬಳಿ ಎಳನೀರಿಗೆಂದು ನಿಲ್ಲಿಸಿದೆವು. ಕೂಸು ಅಜ್ಜಿಯ ಹೆಗಲ ಮೇಲಿದ್ದು ಒಮ್ಮೆ ಕಕ್ಕಿತು. ಒರೆಸಿದ ಬಿಳಿಯ ಬಟ್ಟೆಯಲ್ಲಿ ಹಾಲಿನ ಜೊತೆಗೆ ಕೆಂಪು ಎಳೆಗಳು ಕಂಡವು. ರಕ್ತ. ನನ್ನ ಮಗಳು ಮಾತನಾಡಲಿಲ್ಲ. ಬಟ್ಟೆಯನ್ನು ಮಡಿಸಿ ಕೈಯಲ್ಲಿ ಹಿಡಿದು, “ಅಪ್ಪಾ, ಆಸ್ಪತ್ರೆ” ಎಂದಳು. ಅಷ್ಟು ಹೊತ್ತಿನ ನನ್ನ ವಿನೋದವೆಲ್ಲ ಎಲ್ಲಿ ಅಡಗಿತೋ ತಿಳಿಯದು. ಎಳನೀರಿನವನು ದುಡ್ಡನ್ನು ಕೇಳದೆ ದಾರಿ ತೋರಿಸಿದನು.

ಅಲ್ಲಿದ್ದ ವೈದ್ಯೆ ಚಿಕ್ಕ ವಯಸ್ಸಿನವರು. ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದರು. ಕೂಸಿನ ಮೈಶಾಖ ನೋಡಿ, ಹೊಟ್ಟೆಯನ್ನು ಮೆಲ್ಲನೆ ಅದುಮಿ, ನೆತ್ತಿಯನ್ನು ತಡವಿ, ತಕ್ಕಡಿಯಲ್ಲಿ ಮಲಗಿಸಿದರು: 5.7 ಕಿಲೋ. ತಾಯಿ ಕಾರ್ಡನ್ನು ಕೇಳಿ ಪಡೆದು, ಹುಟ್ಟಿದಾಗ 2.9 ಇದ್ದುದನ್ನೂ, 6, 10, 14ನೆಯ ವಾರಗಳಲ್ಲಿ ಲಸಿಕೆಗೆ ಹೋದಾಗ ಬರೆದಿದ್ದ ತೂಕಗಳನ್ನೂ ಬೆರಳಿಟ್ಟು ನೋಡಿದರು. ಆಮೇಲೆ ನನ್ನ ಮಗಳನ್ನು ತೆರೆಯ ಹಿಂದಕ್ಕೆ ಕರೆದುಕೊಂಡು ಹೋದರು. ಹೊರಗೆ ಬಂದಾಗ ಅವರ ಮುಖದಲ್ಲಿ ನಗೆಯಿತ್ತು. ತಾಯಿಯ ಮೊಲೆತೊಟ್ಟು ಬಿರಿದು ರಕ್ತ ಒಸರುತ್ತಿದ್ದಿತು. ಕೂಸು ಹಾಲಿನೊಡನೆ ಅದನ್ನು ನುಂಗಿ ಕಕ್ಕಿತ್ತು. ರಕ್ತ ತಾಯಿಯದು, ಮಗುವಿನದಲ್ಲ. ನಾಲ್ಕು ದಿನಗಳಿಂದ ನೋವಿದ್ದರೂ, ಪ್ರಯಾಣದ ಗಡಿಬಿಡಿಯಲ್ಲಿ ತನ್ನ ಮಾತನ್ನು ಯಾರ ಮುಂದೆ ಎತ್ತುವುದೆಂದು ಮಗಳು ಸುಮ್ಮನಿದ್ದಳು. ಕೂಸಿನ ಬಾಯಿ ತೊಟ್ಟಿಗೆ ಮಾತ್ರವಲ್ಲದೆ ಸುತ್ತಲಿನ ಕಪ್ಪುಭಾಗಕ್ಕೂ ತುಂಬ ಹಿಡಿಯುವಂತೆ ಹೇಗೆ ಹತ್ತಿಸಿಕೊಳ್ಳಬೇಕೆಂಬುದನ್ನು ಅವರು ಅಲ್ಲಿಯೇ ತೋರಿಸಿಕೊಟ್ಟರು. ಹಾಲು ನಿಲ್ಲಿಸಬೇಡವೆಂದು ಎರಡು ಸಲ ಹೇಳಿದರು.

ನಾನು ಬರಿಗೈಯಲ್ಲಿ ಏಳದೆ, ಯಾವಾಗ ಹೆದರಬೇಕು ಎಂದು ಕೇಳಿದೆನು. ಅವರು ಹೇಳಿದುದು ನನ್ನ ಸಣ್ಣ ಪುಸ್ತಕದಲ್ಲಿದೆ. ವಾಂತಿ ಹಸುರಾಗಿದ್ದರೆ ಒಂದು ಗಳಿಗೆಯೂ ಕಾಯಬಾರದು. ಹಸುರೆಂದರೆ ಪಿತ್ತ, ಕರುಳು ಹೊಸೆದುಕೊಂಡಿರಬಹುದು, ಆಗ ಗಂಟೆಗಳ ಲೆಕ್ಕದಲ್ಲಿ ಶಸ್ತ್ರಚಿಕಿತ್ಸೆ ಬೇಕಾಗುವುದು. ರಕ್ತವೋ ಕಾಫಿಯ ಗಸಿಯಂತಹ ಕಪ್ಪೋ ಬಂದರೆ, ತಾಯಿಯ ತೊಟ್ಟು ಬಿರಿದಿದೆಯೆಂದು ತಾವೇ ತೀರ್ಮಾನಿಸಿಕೊಳ್ಳದೆ ತೋರಿಸಬೇಕು. ಎರಡರಿಂದ ಎಂಟು ವಾರದ ಕೂಸು ಪ್ರತಿ ಸಲವೂ ದೂರಕ್ಕೆ ಚಿಮ್ಮುವಂತೆ ವಾಂತಿಮಾಡಿ, ಮರುಕ್ಷಣವೇ ಹಸಿದು ಅತ್ತು, ತೂಕ ಕಳೆದುಕೊಳ್ಳುತ್ತಿದ್ದರೆ ಹೊಟ್ಟೆಯ ಕೆಳಬಾಗಿಲು ದಪ್ಪವಾಗಿ ಮುಚ್ಚುತ್ತಿರಬಹುದು. ಹೆಣ್ಣುಮಕ್ಕಳಿಗಿಂತ ಗಂಡುಮಕ್ಕಳಲ್ಲಿ ಇದು ಸುಮಾರು ನಾಲ್ಕರಷ್ಟು. ಒಂದು ಕಾಲಕ್ಕೆ ಇದರಿಂದ ಶಿಶುಗಳು ಬದುಕುವುದೇ ಅಪರೂಪವಾಗಿದ್ದಿತು. ಜರ್ಮನಿಯ ರಾಮ್‌ಸ್ಟೆಟ್ ಎಂಬ ಶಸ್ತ್ರವೈದ್ಯನು 1912ರಲ್ಲಿ ಪ್ರಕಟಿಸಿದ ಚಿಕ್ಕ ಶಸ್ತ್ರಕ್ರಿಯೆಯೇ ಇಂದಿಗೂ ಇದಕ್ಕೆ ಪರಿಹಾರ. ಇನ್ನು ಜ್ವರ, ಮಂಕು, ಉಬ್ಬಿದ ನೆತ್ತಿ, ಬಿಗಿದ ಹೊಟ್ಟೆ, ಒದ್ದೆಯಾಗದ ಬಟ್ಟೆ, ಏರದ ತೂಕ, ಆರು ತಿಂಗಳಾದ ಮೇಲೆ ಹೊಸದಾಗಿ ಆರಂಭವಾದ ವಾಂತಿ, ಇವು ಯಾವುವೂ ಬರಿಯ ಕಕ್ಕುವಿಕೆಯಲ್ಲ.

“ಆಮ್ಲ ತಗ್ಗಿಸುವ ಔಷಧ ಬೇಡವೆ?” ಎಂದು ಮಗಳು ಕೇಳಿದಳು. ಹೊಟ್ಟೆಯ ಆಮ್ಲವೂ ಹಾಲಿನೊಡನೆ ಮೇಲೇರಿ ಕೆಲವು ಮಕ್ಕಳಿಗೆ ಅನ್ನನಾಳ ಉರಿಯುವುದುಂಟು. ಅವು ಬೆನ್ನನ್ನು ಬಿಲ್ಲಿನಂತೆ ಬಾಗಿಸಿ ಅಳುತ್ತವೆ, ಕುಡಿಯಲು ನಿರಾಕರಿಸುತ್ತವೆ. ಅಂತಹವನ್ನು ವೈದ್ಯರು ಪರೀಕ್ಷಿಸಬೇಕು. ಕೆಲವೊಮ್ಮೆ ದೋಷ ಹಸುವಿನ ಹಾಲಿನದಾಗಿದ್ದು, ತಾಯಿಯು ಎರಡು ನಾಲ್ಕು ವಾರ ಅದನ್ನು ಬಿಟ್ಟು ನೋಡಬೇಕಾಗುವುದು. ಆದರೆ ಗೆಲುವಾಗಿ ಕಕ್ಕುವ ಮಗುವಿಗೆ ಆ ಔಷಧಗಳನ್ನು ಕೊಡಬಾರದೆಂದು ಅಮೆರಿಕ, ಯೂರೋಪುಗಳ ಮಕ್ಕಳ ಜೀರ್ಣಾಂಗ ವೈದ್ಯರ ಸಂಘಗಳು 2018ರಲ್ಲಿ ಕೂಡಿ ಹೇಳಿವೆ. ಹಾಲು ಬರುವುದು ಅದರಿಂದ ನಿಲ್ಲುವುದಿಲ್ಲ. ಆಮ್ಲವಿಲ್ಲದ ಹೊಟ್ಟೆಯಲ್ಲಿ ಸೋಂಕು ಮಾತ್ರ ಸುಲಭವಾಗುವುದು.

ಬೀಗರ ಮನೆಯನ್ನು ತಲುಪಿದಾಗ ಮಧ್ಯಾಹ್ನ ಎರಡು. ಆರತಿ, ಉಪಚಾರ ಎಲ್ಲವೂ ಆಯಿತು. ಸಂಜೆಗೆ ಕೂಸು ಅಲ್ಲಿಯೂ ತನ್ನ ವಿದ್ಯೆಯನ್ನು ತೋರಿಸಿತು. ಬೀಗಿತ್ತಿಯವರು ಒಳ್ಳೆಯವರು, ನಾಲ್ಕು ಮಕ್ಕಳನ್ನು ಸಾಕಿದವರು. ಅವರು ಬೇಸರದಿಂದಲ್ಲ, ಅಕ್ಕರೆಯಿಂದಲೇ, “ತಾಯಿಯ ಹಾಲು ಒಗ್ಗುತ್ತಿಲ್ಲ, ಹಸುವಿನ ಹಾಲಿಗೆ ನೀರು ಬೆರಸಿ ಒಳಲೆಯಲ್ಲಿ ಕುಡಿಸಿ ನೋಡೋಣ” ಎಂದರು. ಬಜೆಯನ್ನು ತೇದು ನೆಕ್ಕಿಸುವುದೂ ಗ್ರೈಪ್ ವಾಟರೂ ಮಾತಿಗೆ ಬಂದುವು. ನನ್ನ ಮಗಳು ತಲೆ ತಗ್ಗಿಸಿ ಕುಳಿತಳು. ತನ್ನ ಹಾಲೇ ವಿಷವಾಯಿತೆಂಬ ಮಾತನ್ನು ಕೇಳಿದ ಬಾಣಂತಿಯ ಮನಸ್ಸನ್ನು ನಾನು ವರ್ಣಿಸಲಾರೆ. ಮಗಳ ತಂದೆಯಾಗಿ ಆ ಮನೆಯಲ್ಲಿ ಗಟ್ಟಿಯಾಗಿ ಮಾತನಾಡುವ ಹಾಗೂ ಇರಲಿಲ್ಲ.

ನಾನು ತಾಯಿ ಕಾರ್ಡನ್ನು ತೆಗೆದು ಅಳಿಯಂದಿರ ಕೈಗೆ ಕೊಟ್ಟೆನು. ಅವರು ತಮ್ಮ ತಾಯಿಗೆ ತೂಕಗಳನ್ನು ಗಟ್ಟಿಯಾಗಿ ಓದಿ ಹೇಳಿದರು. ನಾಲ್ಕು ತಿಂಗಳು ತುಂಬುವುದರೊಳಗೆ ಮಗು ಹುಟ್ಟಿದಾಗಿನ ಎರಡರಷ್ಟಕ್ಕೆ ಬಂದಿರುವುದು ಹಾಲು ಒಗ್ಗದೆ ಅಲ್ಲವಷ್ಟೆ! ಬಜೆ ನೆಕ್ಕಿಸಿದರೆ ಅದರಿಂದಲೇ ವಾಂತಿಯಾಗುವುದುಂಟೆಂಬುದನ್ನೂ, ವರ್ಷದೊಳಗಿನ ಮಗುವಿಗೆ ಜೇನುತುಪ್ಪ ಸಲ್ಲದೆಂಬುದನ್ನೂ, ಮಲಗಿಸಿಕೊಂಡು ಒಳಲೆಯಿಂದ ಹಾಲು ಹೊಯ್ದರೆ ಶ್ವಾಸನಾಳಕ್ಕೆ ಇಳಿಯಬಹುದೆಂಬುದನ್ನೂ ನನ್ನಾಕೆ ಮೆಲ್ಲಮೆಲ್ಲನೆ ಸೇರಿಸಿದಳು. ಗ್ರೈಪ್ ವಾಟರನ್ನು ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನಲ್ಲಿ 1851ರಲ್ಲಿ ವುಡ್‌ವರ್ಡ್ ಎಂಬಾತನು ಮಾಡಿದಾಗ ಅದರಲ್ಲಿ ಮದ್ಯಸಾರವೂ ಇದ್ದಿತೆಂದು ನಾನು ಹೇಳಿದೆನು. ಬೀಗರು ಅದನ್ನು ಕೇಳಿ, “ಹಾಗಾದರೆ ಮಕ್ಕಳು ಸುಮ್ಮನಾಗುತ್ತಿದ್ದುದು ಏಕೆಂದು ಈಗ ತಿಳಿಯಿತು” ಎಂದು ನಕ್ಕರು. ಆ ನಗೆಯಿಂದ ಮನೆಯ ಗಾಳಿ ತಿಳಿಯಾಯಿತು.

ಒಂದು ವಿಷಯದಲ್ಲಿ ಮಾತ್ರ ವಾದ ಮರುದಿನಕ್ಕೂ ಬೆಳೆಯಿತು. ಬೆನ್ನಿನ ಮೇಲೆ ಮಲಗಿಸಿದರೆ ಕಕ್ಕಿದುದು ಗಂಟಲಿಗೆ ಸಿಕ್ಕೀತು, ಬೋರಲು ಮಲಗಿಸಿ, ಇಲ್ಲವೇ ತಲೆಗೆ ದಿಂಬು ಕೊಡಿ ಎಂಬುದು ಮನೆಯ ಹಿರಿಯರ ಅಭಿಪ್ರಾಯ. ತರ್ಕಕ್ಕೆ ಅದು ಸರಿಯೆಂದೇ ತೋರುವುದು. ಆದರೆ ಬೆನ್ನಿನ ಮೇಲೆ ಮಲಗಿದ ಶಿಶುವಿನ ಶ್ವಾಸನಾಳವು ಅನ್ನನಾಳಕ್ಕಿಂತ ಮೇಲಿರುವುದರಿಂದ ಬಂದ ಹಾಲು ಹಿಂದಕ್ಕೆ ಇಳಿಯುತ್ತದೆ. ಬೋರಲಾದರೆ ಶ್ವಾಸನಾಳವೇ ಕೆಳಗಾಗುವುದು. ಅಮೆರಿಕದಲ್ಲಿ 1994ರಿಂದ ಶಿಶುಗಳನ್ನು ಬೆನ್ನಿನ ಮೇಲೆಯೇ ಮಲಗಿಸಿರೆಂದು ಪ್ರಚಾರ ಮಾಡಿದ ಬಳಿಕ, ನಿದ್ರೆಯಲ್ಲಿ ಹಠಾತ್ತಾಗಿ ಸಾಯುವ ಶಿಶುಗಳ ಸಂಖ್ಯೆ ಸುಮಾರು ಅರ್ಧಕ್ಕೆ ಇಳಿಯಿತು. ದಿಂಬೂ ಬೇಡ, ಸಮನಾದ, ಗಟ್ಟಿಯಾದ ಹಾಸಿಗೆ ಸಾಕು. ಕಕ್ಕುವ ಮಕ್ಕಳಿಗೂ ಇದೇ ನಿಯಮ.

ಇಷ್ಟೆಲ್ಲ ಮಾತನ್ನು ಕೇಳಿಸಿಕೊಂಡು ಜಗಲಿಯ ಮೂಲೆಯಲ್ಲಿ ಕುಳಿತಿದ್ದವರು ಅಳಿಯಂದಿರ ಅಜ್ಜಿ, ಎಂಬತ್ತು ದಾಟಿದವರು. “ಅರ್ಧಗಂಟೆ ನೆಟ್ಟಗೆ ಎತ್ತಿಕೊಂಡಿರಬೇಕು, ಅಷ್ಟೇ ತಾನೆ? ನನಗೇನು ಕೆಲಸವಿದೆ, ಕೊಡಿ ಇಲ್ಲಿ” ಎಂದರು. ಹಗಲು ಹೊತ್ತಿನಲ್ಲಿ ಪ್ರತಿ ಸಲ ಕುಡಿದ ಮೇಲೂ ಕೂಸನ್ನು ಹೆಗಲಿಗೆ ಆನಿಸಿಕೊಂಡು ಕಂಬಕ್ಕೊರಗಿ ಕೂರುವುದು ಅಂದಿನಿಂದ ಅವರ ಪಾಲಿಗೆ ಬಂದಿತು. ಹೊಲಕ್ಕೂ ಅಡಿಗೆಮನೆಗೂ ಓಡಾಡುವ ಮಿಕ್ಕವರಲ್ಲಿ ಯಾರಿಗೂ ಇಲ್ಲದ ಒಂದು ವಸ್ತು, ಬಿಡುವು, ಅವರಲ್ಲಿ ಧಾರಾಳವಾಗಿದ್ದಿತು.

ಮೂರನೆಯ ದಿನ ಬೀಗರು ನನ್ನನ್ನು ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಕರೆದುಕೊಂಡು ಹೋದರು. ಸ್ವಂತ ವಾಹನವನ್ನು ಬುಡದಲ್ಲಿ ನಿಲ್ಲಿಸಿ ಸಾರಿಗೆ ಬಸ್ಸಿನಲ್ಲಿ ಏರಬೇಕು. 1,454 ಮೀಟರು ಎತ್ತರದ ಆ ನೆತ್ತಿಯಲ್ಲಿ ಮಂಜು ಎಷ್ಟು ದಟ್ಟವಾಗಿದ್ದಿತೆಂದರೆ ಗುಡಿಯ ಮೆಟ್ಟಿಲನ್ನು ಕಾಲಿನಿಂದಲೇ ತಿಳಿಯಬೇಕಾಯಿತು. ವೇಣುಗೋಪಾಲನ ದರ್ಶನ ಮಾಡಿ, ಒಂದು ಕಾಡುಕೋಣವನ್ನು ದೂರದಿಂದ ಕಂಡು ಇಳಿದೆವು. ಮಗಳನ್ನೂ ಕೂಸನ್ನೂ ಕರೆತರಲಿಲ್ಲ. ತಿರುವುಗಳ ದಾರಿ ಆ ಹೊಟ್ಟೆಗೆ ಈಗ ಬೇಡವಾಗಿದ್ದಿತು.

ಈ ಸಂಕ್ರಾಂತಿಗೆ ಎಳ್ಳು ಬೀರಲು ಮತ್ತೆ ಹೋಗಿದ್ದೆವು. ಹೊಲಗಳಲ್ಲಿ ಸೂರ್ಯಕಾಂತಿ ಇರಲಿಲ್ಲ. ಅಂಗಳದಲ್ಲಿ ಅವರೆಕಾಯಿಯ ರಾಶಿ. ಮೊಮ್ಮಗಳು ಚಾಪೆಯ ಮೇಲೆ ತಾನೇ ಕುಳಿತು ರಾಗಿಸರಿ ತಿಂದು, ಬೆರಳನ್ನೂ ತಿನ್ನುತ್ತಿದ್ದಳು. ಕಕ್ಕುವುದು ವಾರಕ್ಕೆ ಒಂದೆರಡು ಸಲಕ್ಕೆ ಇಳಿದಿದೆಯೆಂದು ಮಗಳು ಹೇಳಿದಳು. ಅಜ್ಜಿಯವರ ಹೆಗಲ ಮೇಲೆ ಮಾತ್ರ ಆ ಮಡಿಸಿದ ಬಟ್ಟೆ ಹಾಗೆಯೇ ಇದ್ದಿತು. ಇನ್ನೇಕೆ ಅದು ಎಂದು ಕೇಳಿದರೆ, “ಇರಲಿ ಬಿಡಿ, ಅಭ್ಯಾಸವಾಗಿಹೋಗಿದೆ” ಎಂದು ಅದನ್ನು ಸರಿಪಡಿಸಿಕೊಂಡರು.