ಮುತ್ಯಾನ ಗಂಟುಗಳು

ಎಂ.ಎ. ಮುಗಿಸಿ ಸಿಂಧನೂರಿಗೆ ಬಂದಿದ್ದ ಬೇಸಿಗೆಯಲ್ಲಿ ಮುತ್ಯಾನ ಟ್ರಂಕು ತೆರೆದೆ. ಒಳಗೆ ಹನ್ನೊಂದು ಅರಿವೆ ಗಂಟು. ಕಂದಾಯದ ರಸೀದಿ, ಪಹಣಿ, ಕೈಗಡದ ಚೀಟಿ, ಲಗ್ನಪತ್ರಿಕೆ, ನಿಜಾಮರ ಕಾಲದ ಉರ್ದು ಕಾಗದ ಎಲ್ಲವೂ ಕಲಸಿಹೋಗಿವೆ ಅನಿಸಿತು. ಎರಡು ದಿನ ಕೂತು ಗಂಟುಗಳನ್ನೆಲ್ಲ ಬಿಚ್ಚಿ, ರಸೀದಿಗೊಂದು ಫೈಲು, ಪಹಣಿಗೊಂದು, ಚೀಟಿಗಳಿಗೊಂದು ಮಾಡಿದೆ. ಮನೆಯವರೆಲ್ಲ ಮೆಚ್ಚಿದರು.

ನಾಲ್ಕು ವರ್ಷದ ನಂತರ ಸೋದರತ್ತೆ ಬಂದು ಕೇಳಿದಳು: “ತಮ್ಮಾ, ನನ್ನ ಲಗ್ನದ ಗಂಟು ಎಲ್ಲೈತಿ?”

ಅವಳ ಮದುವೆಗೆಂದು ಎರಡು ಎಕರೆ ಹೊಲ ಅಡವಿಟ್ಟಿದ್ದರಂತೆ. ಅದನ್ನು ಬಿಡಿಸಲು ತನ್ನ ಗಂಡನೂ ದುಡ್ಡು ಕೊಟ್ಟಿದ್ದ ಎಂಬುದು ಅವಳ ಮಾತು. ‘ನಿನ್ನ ಪಾಲು ಲಗ್ನಕ್ಕೇ ಹೋಯಿತು’ ಎಂಬುದು ಅಣ್ಣತಮ್ಮಂದಿರ ಮಾತು. ಫೈಲು ತೆರೆದೆ. ಮೂವತ್ತಕ್ಕೂ ಹೆಚ್ಚು ಚೀಟಿ. ಬಹಳಷ್ಟಕ್ಕೆ ತಾರೀಖಿಲ್ಲ, ಕಾರಣವಿಲ್ಲ. ಮೊತ್ತ ಮತ್ತು ಹೆಬ್ಬೆಟ್ಟು ಮಾತ್ರ. ಯಾವ ಚೀಟಿ ಯಾವ ಲಗ್ನದ್ದೆಂದು ಹೇಳುತ್ತಿದ್ದದ್ದು ಅದರ ಜೊತೆ ಕಟ್ಟಿದ್ದ ಲಗ್ನಪತ್ರಿಕೆ. ಆ ಜೊತೆಯನ್ನು ನಾನೇ ಬಿಡಿಸಿದ್ದೆ.

ನಾನು ಮಾಡಿದ್ದು ಗ್ರಂಥಾಲಯದ ಕೆಲಸ. ಗ್ರಂಥಾಲಯದಲ್ಲಿ ಅದು ತಪ್ಪಲ್ಲ. ಪುಸ್ತಕ ತನ್ನ ಮಾತನ್ನು ತಾನೇ ಪೂರ್ತಿ ಹೇಳುತ್ತದೆ. ಹರಿದರೆ ಸಾಮಾನ್ಯವಾಗಿ ಇನ್ನೊಂದು ಪ್ರತಿ ತರಿಸಬಹುದು. ಆದ್ದರಿಂದಲೇ ಅದನ್ನು ವಿಷಯವಾರು ಜೋಡಿಸಬಹುದು, ಓದುಗರ ಮನೆಗೂ ಕಳಿಸಬಹುದು. ಎಸ್. ಆರ್. ರಂಗನಾಥನ್ 1933ರಲ್ಲಿ ಪ್ರಕಟಿಸಿದ ಕೋಲನ್ ವರ್ಗೀಕರಣ ಇಂಥ ಜೋಡಣೆಯದೇ ಶಾಸ್ತ್ರ.

ಪತ್ರಾಗಾರದ ಕಾಗದ ಹಾಗಲ್ಲ. ಅದು ಸಾಮಾನ್ಯವಾಗಿ ಒಂದೇ ಪ್ರತಿ, ಅದೂ ಅರ್ಧ ಮಾತು. ಉಳಿದರ್ಧ ಪಕ್ಕದ ಕಾಗದದಲ್ಲಿರುತ್ತದೆ. ರಾಯಚೂರು ಜಿಲ್ಲೆ 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿತ್ತು. ಹೀಗಾಗಿ ನಮ್ಮ ಸೀಮೆಯ ಹಳೆಯ ಕಡತ ಹುಡುಕುವವರು ಹೈದರಾಬಾದಿನ ತಾರ್ನಾಕಾದಲ್ಲಿರುವ ರಾಜ್ಯ ಪತ್ರಾಗಾರಕ್ಕೂ ಹೋಗಬೇಕಾಗುತ್ತದೆ. ಪತ್ರಾಗಾರದಲ್ಲಿ ‘ಇದು ಯಾವ ವಿಷಯ’ ಎನ್ನುವುದಕ್ಕಿಂತ ಮೊದಲು ‘ಇದು ಯಾವ ಕಚೇರಿಯಲ್ಲಿ ಹುಟ್ಟಿತು’ ಎಂದು ಕೇಳಿಕೊಳ್ಳಬೇಕು. ಒಂದು ಕಚೇರಿಯ ಕಾಗದಗಳನ್ನು ಇನ್ನೊಂದರ ಜೊತೆ ಬೆರೆಸಬಾರದೆಂದು ಫ್ರಾನ್ಸ್ ಸರ್ಕಾರ 1841ರಲ್ಲೇ ಸುತ್ತೋಲೆ ಹೊರಡಿಸಿತ್ತು. ಇದ್ದ ಕ್ರಮವನ್ನು ಕದಡಬಾರದೆಂಬ ನಿಯಮವೂ ಮುಂದೆ ಅದಕ್ಕೆ ಸೇರಿಕೊಂಡಿತು.

ಮ್ಯೂಸಿಯಂನ ಕಷ್ಟ ಮತ್ತೊಂದು. ಅಲ್ಲಿನ ವಸ್ತು ತನ್ನ ಜಾಗ ಬಿಟ್ಟೇ ಬಂದಿರುತ್ತದೆ. ಮಸ್ಕಿಯಲ್ಲೂ ಹುಡುಕಾಡಿದ್ದ ರಾಬರ್ಟ್ ಬ್ರೂಸ್ ಫೂಟ್ ಅವರ ಸಂಗ್ರಹ 1904ರಲ್ಲಿ ಮದ್ರಾಸಿನ ಮ್ಯೂಸಿಯಂ ಸೇರಿತು. 1954ರಲ್ಲಿ ಬಿ. ಕೆ. ಥಾಪರ್ ಮಸ್ಕಿಯನ್ನು ಅಗೆದಾಗ ನವಶಿಲಾಯುಗದಿಂದ ಮಧ್ಯಯುಗದವರೆಗಿನ ನಾಲ್ಕು ಘಟ್ಟಗಳನ್ನು ಗುರುತಿಸಿದ್ದು ಮಣ್ಣಿನ ಪದರಗಳಿಂದ. ಯಾವ ಜಾಗ, ಯಾವ ಪದರ ಎಂಬ ಬರಹ ಕಳೆದುಹೋದರೆ, ಗಾಜಿನ ಕಪಾಟಿನಲ್ಲಿರುವ ಮಣಿ ಬರೀ ಚೆಂದದ ಮಣಿ.

ಜೊತೆಗಿರುವುದರ ಬೆಲೆ ಏನೆಂದು ಮಸ್ಕಿಯ ಬಂಡೆಗಿಂತ ಚೆನ್ನಾಗಿ ಹೇಳುವವರಿಲ್ಲ. ಅದುವರೆಗೆ ಸಿಕ್ಕಿದ್ದ ಶಾಸನಗಳಲ್ಲಿ ರಾಜನ ಬಿರುದುಗಳಷ್ಟೇ ಇದ್ದವು. ಆ ರಾಜ ಅಶೋಕನೇ ಎಂದು ವಿದ್ವಾಂಸರು ಗುರುತಿಸಿದ್ದು ಶ್ರೀಲಂಕಾದ ಗ್ರಂಥಗಳ ಬಲದಿಂದ. 1915ರಲ್ಲಿ ಇಲ್ಲಿ ಸಿಕ್ಕ ಶಾಸನದಲ್ಲಿ ‘ದೇವಾನಾಂಪ್ರಿಯ’ನ ಜೊತೆಗೇ ‘ಅಶೋಕ’ ಇತ್ತು. ಎರಡು ಪದ ಅಕ್ಕಪಕ್ಕ ಇದ್ದದ್ದಕ್ಕೇ ಕಲ್ಲಿನ ಸಾಕ್ಷಿ ಸಿಕ್ಕಿತು.

ಮುತ್ಯಾನ ಹನ್ನೊಂದು ಗಂಟುಗಳಲ್ಲೂ ಅಂಥ ಅಕ್ಕಪಕ್ಕಗಳಿದ್ದವು.

ಅತ್ತೆಯ ಜೊತೆ ಒಂದಿಡೀ ದಿನ ಕೂತೆ. ಮಡಿಕೆಯ ಗುರುತು, ದಾರದ ಕಲೆ, ಗೆದ್ದಲು ತಿಂದ ತೂತುಗಳನ್ನು ಹೊಂದಿಸಿ ಮೂರು ಕಾಗದ ಕೂಡಿಸಿದೆವು. ದುಡ್ಡಿನ ಚೀಟಿ ಮಾತ್ರ ಯಾವುದೆಂದು ತಿಳಿಯಲಿಲ್ಲ. “ಇರ್ಲಿ ಬಿಡು, ಕಾಗದ ಅದಾವಲ್ಲ” ಎಂದಳು. ಕಾಗದ ಎಲ್ಲವೂ ಇವೆ, ಒಂದೂ ಕಳೆದಿಲ್ಲ. ಅವಳಿಗೆ ಬೇಕಾಗಿದ್ದ ಉತ್ತರ ಇಲ್ಲ.

ಅವಳು ಹೋದ ಮೇಲೆ ಪ್ರತಿ ಫೈಲಿನ ಮೇಲೂ ಒಂದು ಸಾಲು ಬರೆದೆ, ಮುಂದೆ ತೆರೆಯುವವರು ಮೋಸಹೋಗದಿರಲಿ ಎಂದು: ‘ಈ ಕ್ರಮ ಮುತ್ಯಾನದಲ್ಲ, ನನ್ನದು.’